ಇಮಾಮ್ ಬೀಯ ಕೀಲಿಕೈ

ನನ್ನ ಗಂಡ ಕನಕಪ್ಪ ತೋಳ ಬಂದರೆ ಕೋಲು ಹಿಡಿದು ಎದುರಿಗೆ ಹೋಗುವ ಕುರಿಗಾಹಿ. ಅಂಥವನು ಬಸ್ಸಿಗೆ ಅಂಜತೊಡಗಿದನೆಂದರೆ ಗಬ್ಬೂರಿನವರು ನಗದೆ ಬಿಡುತ್ತಾರೆಯೇ? ನಾನೂ ನಕ್ಕೆ. ನನ್ನ ಸೋದರತ್ತೆಯ ಮಗ ಅವನು, ಚಿಕ್ಕಂದಿನಿಂದ ಹೋಗು ಬಾ ಎಂದೇ ಕರೆದವಳು ನಾನು. ಬಾಲವಾಡಿಯಲ್ಲಿ ದಿನವೆಲ್ಲ ಅಳುವ ಮಕ್ಕಳನ್ನು ಸುಧಾರಿಸಿ ಮನೆಗೆ ಬಂದರೆ ಇಲ್ಲೊಂದು ಮೀಸೆ ಇರುವ ಮಗು.

ಎಂಬತ್ಮೂರನೇ ಇಸವಿಯಲ್ಲಿ ರಾಯಚೂರಿನ ದನದ ದವಾಖಾನೆಯಲ್ಲಿ ಅವನಿಗೆ ಜವಾನನ ನೌಕರಿ ಸಿಕ್ಕಿತು. ನಮ್ಮ ಮನೆತನಕ್ಕೇ ಮೊದಲ ಸರಕಾರಿ ನೌಕರಿ. ಹಾಜರಾಗಲು ಹೊರಟವನಿಗೆ ತುಂಬಿದ ಬಸ್ಸು ಊರು ದಾಟುತ್ತಲೇ ಎದೆ ಡವಡವ ಹೊಡೆದುಕೊಂಡಿತು, ಉಸಿರು ಕಟ್ಟಿತು, ಕೈಬೆರಳು ಸೆಟೆದವು. "ನಾ ಸತ್ನೆಪ್ಪೋ" ಎಂದು ಚೀರಿದನಂತೆ. ನಮ್ಮ ಕಡೆಯ ಜನ ಇಂಥ ಹೊತ್ತಿನಲ್ಲಿ ಸುಮ್ಮನೆ ಕೂಡುವವರಲ್ಲ. ಮೂರ್ಛೆರೋಗವೆಂದು ತೀರ್ಮಾನಿಸಿ ಒಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಇನ್ನೊಬ್ಬರು ಚಪ್ಪಲಿ ಹಿಡಿದರು. ಕಬ್ಬಿಣ ಹಿಡಿದರೆ ಮೂರ್ಛೆ ಇಳಿಯುತ್ತದೆಂದು ಉಳಿದವರು ತಂತಮ್ಮ ಮನೆಯ ಕೀಲಿಕೈ ಬಿಚ್ಚಿ ಅವನ ಮುಷ್ಟಿಗೆ ತುರುಕಿದರು. ಇವನು ಎಲ್ಲವನ್ನೂ ಕೊಡವಿ, ಬಸ್ಸಿನಿಂದ ಹಾರಿ, ಮನೆಗೆ ಓಡಿಬಂದ.

ಆಮೇಲೆ ಹಾರ್ನ್ ಕೇಳಿದರೂ ಬೆವರುತ್ತಿದ್ದ. ಅತ್ತೆ ಭೀಮವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು, ಕಾದ ಕುಡುಗೋಲನ್ನು ನೀರಿಗದ್ದಿ ಆ ನೀರು ಕುಡಿಸಿದಳು, ದರ್ಗಾದ ತಾಯತ ಕಟ್ಟಿಸಿದಳು. ಯಾವುದಕ್ಕೂ ಅದು ಜಗ್ಗಲಿಲ್ಲ. ಸೋಮವಾರ ಹಾಜರಾಗದಿದ್ದರೆ ನೌಕರಿ ಬೇರೆಯವರ ಪಾಲು ಎಂದು ದವಾಖಾನೆಯಿಂದ ಹೇಳಿಕಳಿಸಿದಾಗ ನನ್ನ ನಗು ನಿಂತಿತು.

ದೇವದುರ್ಗದ ಮರಿಸ್ವಾಮಿ ಡಾಕ್ಟರ ಹತ್ತಿರ ಎತ್ತಿನ ಬಂಡಿಯಲ್ಲಿ ಕರೆದೊಯ್ದೆ. ಮುಟ್ಟುವಷ್ಟರಲ್ಲಿ ನನ್ನ ಸೊಂಟಕ್ಕೇ ಔಷಧಿ ಬೇಕಾಗಿತ್ತು. ಡಾಕ್ಟರು ಬಹಳ ಹೊತ್ತು ಎದೆ ಪರೀಕ್ಷೆ ಮಾಡಿದರು.

"ಎದಿ ಗಟ್ಟಿ ಅದ ಕನಕಪ್ಪ. ಇದು ಮೂರ್ಛಿನೂ ಅಲ್ಲ, ಗಾಳಿನೂ ಅಲ್ಲ. ಅಂಜಿಕಿ."

"ಏನೂ ಇಲ್ದ ಅಂಜಿಕಿ ಹೆಂಗ ಬರ್ತದ್ರೀ?"

"ನಿನ್ನ ಕುರಿ ಏನೂ ಇಲ್ದ ಬೆದರೋದಿಲ್ಲೇನು?"

"ಬೆದರ್ತಾವ್ರೀ. ಒಂದು ಕಾಗದ ಹಾರಿದ್ರೂ ಸಾಕು."

"ಆವಾಗ ನೀನೂ ಓಡ್ತೀಯೇನು?"

ಕನಕಪ್ಪನಿಗೆ ಸಿಟ್ಟೇ ಬಂತು. "ಕಾಯಾಂವ ಓಡಿದ್ರ ಹಿಂಡೆಲ್ಲಾ ಚದರಿ ಹೋಗ್ತದ್ರೀ. ಅಲ್ಲೇ ನಿಂತು ಸಣ್ಣಗ ಸಿಳ್ಳಿ ಹಾಕ್ತೀನಿ. ತಾವಾ ನಿಲ್ತಾವು."

"ಮತ್ತ ಬಸ್ಸಿನ್ಯಾಗ ಯಾಕ ಓಡಿದಿ?"

ಡಾಕ್ಟರು ಬಿಡಿಸಿ ಹೇಳಿದರು: ಎದೆ ಬಡಿತಕ್ಕೆ ಹೆದರಿ ಉಸಿರು ಜೋರಾಗಿ ಎಳೆದರೆ ಬೆರಳು ಸೆಟೆಯುತ್ತವೆ, ಅದನ್ನು ಕಂಡು ಹೆದರಿಕೆ ಇನ್ನೂ ಹೆಚ್ಚುತ್ತದೆ. ಏರಿದ್ದು ತಾನಾಗಿ ಇಳಿಯುತ್ತದೆ, ಆದರೆ ಅಷ್ಟರೊಳಗೆ ಓಡಿಬಿಟ್ಟರೆ ಓಡಿದ್ದರಿಂದಲೇ ಬದುಕಿದೆ ಎಂದು ಮನಸ್ಸು ನಂಬಿಬಿಡುತ್ತದೆ. ಸೀಟು ಬಿಡಬೇಡ, ಉಸಿರು ಮೆಲ್ಲಗೆ ಬಿಡು, ಬೇಕಾದರೆ ಸಿಳ್ಳೆ ಹಾಕು ಎಂದರು.

"ಗುಳಿಗಿ ಇಲ್ಲೇನ್ರೀ?" ಎಂದೆ.

"ಗುಳಿಗಿ ಬೇಕಾದವ್ರೂ ಇರ್ತಾರ ಬಂಡೆಮ್ಮ. ಇವಗ ಮೊದಲು ಇದು ನೋಡೋಣು."

ಸೋಮವಾರ ಜೊತೆಗೆ ನಾನೂ ಹೊರಟೆ. ಊರು ದಾಟಿದ್ದೇ ತಡ, ಅವನ ಹಣೆ ಬೆವರಿತು. ಪಕ್ಕದಲ್ಲಿದ್ದ ಕಲ್ಮಲದ ಮುದುಕಿ ಇಮಾಮ್ ಬೀ, "ಯಾ ಅಲ್ಲಾ, ಮೂರ್ಛಿ!" ಎಂದು ಕೆಂಪು ಅರಿವೆ ಕಟ್ಟಿದ ತನ್ನ ಸೊಂಟದ ಕೀಲಿಕೈ ಬಿಚ್ಚಿ ಅವನ ಕೈಗಿಟ್ಟಳು. ಹಿಂದಿನಿಂದ ಮುಂದಿನಿಂದ ಕೀಲಿಕೈಗಳು ಬಂದವು. ಮುಷ್ಟಿ ಬಿಗಿಯಿತು. ಕನಕಪ್ಪ ಸಣ್ಣಗೆ ಸಿಳ್ಳೆ ಹಾಕಲು ಹೋದ. ಆದರೆ ಅಡವಿಯಲ್ಲಿ ಬೆಳೆದ ಸಿಳ್ಳೆ, ಬಸ್ಸಿಗೆ ಬಸ್ಸೇ ಬೆಚ್ಚಿತು. ಕಂಡಕ್ಟರೇ ಊದಿದನೆಂದು ಡ್ರೈವರ್ ಬ್ರೇಕ್ ಒತ್ತಿದ.

ಬಸ್ ನಿಂತಿತು. ಕಂಡಕ್ಟರ್ ಬೈಯುತ್ತ ಬಾಗಿಲು ತೆರೆದ. "ಇಳಿಯಾವ್ರು ಇಳೀರಿ!"

ಕನಕಪ್ಪ ಬಾಗಿಲು ನೋಡಿದ. ನನ್ನ ಮುಖ ನೋಡಿದ. ಇವನು ಇಲ್ಲೇ ಸತ್ತುಹೋದರೆ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ನೌಕರಿ ಹಾಳಾಗಲಿ, ಇಳಿದುಬಿಡು ಎಂದು ಹೇಳುವವಳಿದ್ದೆ.

"ಬಾಗ್ಲ ಹಾಕ್ರಿ," ಎಂದ ಅವನು, ನಡುಗುವ ದನಿಯಲ್ಲಿ. "ಬರ್ಲಿ ಅದು. ನಾ ಇಲ್ಲೇ ಇರ್ತೀನಿ."

ಕಲ್ಮಲ ಬಂದರೂ ಮುಷ್ಟಿ ಬಿಟ್ಟಿರಲಿಲ್ಲ. ಇಮಾಮ್ ಬೀ ಅವನ ತಲೆ ಸವರಿ ಇಳಿದುಹೋದಳು. ಕಲ್ಮಲ ದಾಟಿದ ಮೇಲೆ ಬಡಿತ ಇಳಿಯಿತು, ಬೆರಳು ಸಡಿಲಾದವು. ರಾಯಚೂರಿನಲ್ಲಿ ಎಲ್ಲರೂ ಮುಗಿಬಿದ್ದು ಕೀಲಿಕೈ ಆರಿಸಿಕೊಂಡರು. ಉಳಿದ ಒಂದನ್ನು ಅವನು ಜೇಬಿಗೆ ಹಾಕಿಕೊಂಡ. ದವಾಖಾನೆಯಲ್ಲಿ ಹಾಜರಾದ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಜೇಬು ತಡವಿ ಅದನ್ನು ನನಗೆ ಕೊಟ್ಟ. "ತಗೋ, ನಿನ್ನ ಕೀಲಿಕೈ."

"ಅತ್ತಿ ಮನ್ಯಾಗ ಇರಬೇಕಾದ್ರ ನಾ ಯಾಕ ಕೀಲಿ ಹಾಕ್ಲಿ?"

ಇಬ್ಬರೂ ನೋಡಿದೆವು. ಅದಕ್ಕೆ ಕೆಂಪು ಅರಿವೆ ಕಟ್ಟಿತ್ತು.

"ಅಯ್ಯಯ್ಯ, ಇಮಾಮ್ ಬೀದು! ಮುದುಕಿ ಹೊರಗ ಕುಂತಿರ್ತಾಳ!" ಎಂದೆ.

ಗಬ್ಬೂರಿನ ಬಸ್ ಆಗಲೇ ಹೊರಟಿತ್ತು, ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಕನಕಪ್ಪ ನನ್ನ ಕೈಯಿಂದ ಕೀಲಿಕೈ ಕಿತ್ತುಕೊಂಡು ಓಡಿದ, ಆ ಗದ್ದಲದೊಳಗೆ ತೂರಿಕೊಂಡ. ಹೆಂಡತಿ ಎಂಬುವಳೊಬ್ಬಳು ಜೊತೆಗೆ ಬಂದಿದ್ದಾಳೆಂಬುದೇ ಮರೆತಿತ್ತು.

ಬಸ್ ಗೇಟಿನ ಹತ್ತಿರ ಹೋದಾಗ ಒಳಗಿನಿಂದ ಆ ಸಿಳ್ಳೆ ಕೇಳಿಸಿತು. ಬಸ್ ಗಕ್ಕನೆ ನಿಂತಿತು. ಓಡಿದ್ದರೆ ನಾನೂ ಹತ್ತಬಹುದಿತ್ತು. ಓಡಲಿಲ್ಲ. ಸೆರಗಿನ ತುದಿ ಕಚ್ಚಿಕೊಂಡು ಬಾಗಿಲನ್ನೇ ನೋಡುತ್ತ ನಿಂತೆ.

ಯಾರೂ ಇಳಿಯಲಿಲ್ಲ.