ಒಂದು ಬಟ್ಟಲು ಸೊಪ್ಪು

“ದೊಡ್ಡಮ್ಮ, ಎದ್ದೇಳ್ದೆ ಕೂತಿದ್ದೋರ ಮೀನಖಂಡ ಇಷ್ಟು ತುಂಬ್ಕೊಂಡಿರ್ತದಾ?”

ಹೆಣ ಕೂರಿಸಲು ಚನ್ನಮಲ್ಲಪ್ಪನ ಕಾಲು ಮಡಚುತ್ತಿದ್ದ ಮೈದುನನ ಮಗ ಕೀರ್ತಿಕುಮಾರ್ ಕೇಳಿದ. ಕಾಂತಮ್ಮ ಅಳು ನಿಲ್ಲಿಸಿ ನೋಡಿದಳು. ಬೆಳಿಗ್ಗೆ ಕಾಫಿ ಲೋಟ ಹಿಡಿದ ಗಂಡ ಹಾಗೇ ವಾಲಿ ಪ್ರಾಣ ಬಿಟ್ಟಿದ್ದ. ಎರಡು ವರ್ಷದಿಂದ ಆ ಕಾಲನ್ನು ಅವನು ಮುಟ್ಟಗೊಡುತ್ತಿರಲಿಲ್ಲ. ಎಣ್ಣೆ ತಿಕ್ಕಲು ಹೋದರೆ, “ಜೀವ ಹೋಗ್ತದೆ, ಬಿಡೇ” ಎಂದು ಕಂಬಳಿ ಎಳೆದುಕೊಳ್ಳುತ್ತಿದ್ದ.

“ಎದ್ದೇಳ್ದೆ ಅಂದ್ರೆ?” ಏರಿನ ಮೇಲೆ ಟೀ ಅಂಗಡಿ ಇಟ್ಟಿದ್ದ ಮಂಜೇಶ್ ಬಿಲ್ವಪತ್ರೆಯ ಬುಟ್ಟಿ ಇಳಿಸಿದ. “ನೀವು ಎಸ್ಟೇಟ್ ಕೂಲಿಗೆ ಹೋದ್ಮೇಲೆ ದಿನಾ ಏರು ಹತ್ತಿ ಬರೋರಲ್ಲ, ಚೌಕಾಬಾರ ಆಡಕ್ಕೆ. ‘ನಮ್ಮೋಳು ಸೊಪ್ಪು ತಿನ್ಸಿ ತಿನ್ಸಿ ಎಬ್ಬಿಸಿಬಿಟ್ಲು ಕಣಯ್ಯ’ ಅನ್ನೋರು.” ಅವಳ ಮುಖ ನೋಡಿ ಅವನ ದನಿ ಇಳಿಯಿತು. “ನಿಮಗೆ ಗೊತ್ತಿತ್ತು ಅಂದ್ಕೊಂಡೆ, ಅಮ್ಮ.”

*

ಮೂರು ವರ್ಷದ ಹಿಂದೆ ಜ್ವರ ಬಂದು ಎದ್ದವನಿಗೆ ಕಾಲಲ್ಲಿ ತ್ರಾಣವೇ ಇರಲಿಲ್ಲ. ಆಸ್ಪತ್ರೆಯ ಸಿಸ್ಟರ್, “ದಿನಾ ಒಂದು ಬಟ್ಟಲು ಸೊಪ್ಪು ತಿನ್ಲಿ, ಸ್ವಲ್ಪ ಸ್ವಲ್ಪ ನಡೀಲಿ. ಸ್ನಾಯುಗೆ ಬಲ ಬರುತ್ತೆ” ಅಂದಿದ್ದಳು. ಅಷ್ಟೇ ಸಾಕಾಯಿತು ಕಾಂತಮ್ಮನಿಗೆ. ಹಿತ್ತಲ ತುಂಬ ಹರಿವೆ, ಬಸಳೆ, ಕೆರೆಯಂಚಿನಿಂದ ತಂದು ಊರಿದ ಹೊನಗೊನೆ. ಎಳೆ ಕುಡಿಯೆಲ್ಲ ಅವನ ಬಟ್ಟಲಿಗೆ, ಬಲಿತ ದಂಟು ತನ್ನ ತಟ್ಟೆಗೆ. “ನಾನೇನು ದನವೇನೇ?” ಎಂದು ಮುಖ ಸಿಂಡರಿಸುತ್ತಲೇ ಮಹರಾಯ ತಿಂದು ಮುಗಿಸುತ್ತಿದ್ದ. ತಿಂದು ಮಾಡಿದ್ದೇನು? ಕೂತಲ್ಲೇ ನೀರು, ಕೂತಲ್ಲೇ ಊಟ.

ಹೋದ ಶ್ರಾವಣದಲ್ಲಿ ತವರಿನಿಂದ, ಶನಿವಾರಸಂತೆಯಿಂದ, ಮೂರು ಸಲ ಫೋನ್ ಬಂತು. ಅವ್ವ ಹಾಸಿಗೆ ಹಿಡಿದು ಕಾಂತಾ ಕಾಂತಾ ಅನ್ನುತ್ತಿದ್ದಳಂತೆ.

“ಹೋಗು, ಹೋಗು. ನನ್ನ ಯಾರು ಎತ್ತಿ ಕೂರಿಸ್ತಾರೆ? ಕಾಲಲ್ಲಿ ಬಲ ಇಲ್ಲ ಕಣೇ” ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ. ಅವಳು ಹೋಗಲಿಲ್ಲ. ಮಣ್ಣು ಮಾಡುವ ಮೊದಲೂ ಅವ್ವನ ಮುಖ ನೋಡಲಿಲ್ಲ.

*

“ಬನ್ನಿ ತಾಯಿ, ಪಾದಕ್ಕೆ ವಿಭೂತಿ ಹಚ್ಚಿ” ಎಂದು ಅಯ್ಯನೋರು ಕರೆದರು.

ಚನ್ನಮಲ್ಲಪ್ಪ ಹೂವಿನ ನಡುವೆ ಪದ್ಮಾಸನ ಹಾಕಿ ಕೂತಿದ್ದ. ಕಾಂತಮ್ಮ ವಿಭೂತಿ ಬಟ್ಟಲು ಹಿಡಿದು ಬಾಗಿದಳು. ಹಿಮ್ಮಡಿಯ ಬಿರುಕುಗಳಲ್ಲಿ ಏರಿನ ಕೆಂಪು ಮಣ್ಣು, ತೊಳೆದರೂ ಹೋಗಿರಲಿಲ್ಲ. ಸೊಪ್ಪು ಫಲಿಸಿತ್ತು. ಟೀ ಅಂಗಡಿಯಲ್ಲಿ ಹೇಳಿಕೊಂಡವನು ಅವಳೊಬ್ಬಳಿಗೆ ಹೇಳಿರಲಿಲ್ಲ.

ಬಟ್ಟಲನ್ನು ನೆಲಕ್ಕಿಟ್ಟಳು. “ನೀವೇ ಹಚ್ಚಿ ಅಯ್ಯನೋರೆ. ನನ್ ಕೈಲಾಗಲ್ಲ.”

“ಒಂದು ಹಿಡಿ ಮಣ್ಣು ಹಾಕಕ್ಕಾದ್ರೂ ಬಾ ದೊಡ್ಡಮ್ಮ” ಎಂದು ಕೀರ್ತಿಕುಮಾರ್ ಕೈ ಹಿಡಿದ.

“ಕಾಲಲ್ಲಿ ಬಲ ಇಲ್ಲ ಕಣಪ್ಪ” ಎಂದಳು ಕಾಂತಮ್ಮ.

ಹೆಣ ಏರು ಹತ್ತಿತು. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತಳು. ಬೆಳಿಗ್ಗೆ ಅವನಿಗೆಂದು ಕೊಯ್ದಿದ್ದ ಹೊನಗೊನೆ ಮೊರದಲ್ಲಿ ಬಾಡುತ್ತಿತ್ತು. ಹತ್ತಿರ ಎಳೆದುಕೊಂಡಳು. ಬಲಿತ ದಂಟನ್ನು ಅಂಗಳಕ್ಕೆಸೆದು, ಎಳೆ ಕುಡಿಗಳನ್ನು ಒಂದೊಂದಾಗಿ ತನ್ನ ಮಡಿಲಿಗೆ ಹಾಕಿಕೊಳ್ಳತೊಡಗಿದಳು.