ಒಂದು ಸಾಲಿನ ತೋಟ

"ಮೆಲ್ಲಗಪ್ಪಾ, ಮೂಲೆ ತಾಗೀತು!" ಬಡಗಿ ಗದರಿದ. ಮನೆಯ ಅಳಿಯ ಬೀರುವನ್ನು ಇನ್ನೊಂದು ಗೇಣು ಸರಿಸಿದ. ಇಬ್ಬರೂ ಸೇರಿ ಗೋಡೆಯಗಲದ ಚಿತ್ರವನ್ನು ಕೆಳಗಿಳಿಸಿ, ನಡುಮನೆಯಲ್ಲಿ ಮಲಗಿಸಿದ್ದ ಯಜಮಾನನ ತಲೆದೆಸೆಗೆ ಒರಗಿಸಿದರು. ಊರಿನ ಅರ್ಧ ಅಂಗಡಿಗಳಿಗೆ ಬೋರ್ಡು ಬರೆದ ಮನುಷ್ಯ, ನಿನ್ನೆ ಸಂಜೆ ಚಹಾ ಕೇಳಿ, ಅದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಎಂಬತ್ತೊಂದು ತುಂಬಿತ್ತು. ನರಳಲಿಲ್ಲ, ಯಾರನ್ನೂ ನರಳಿಸಲಿಲ್ಲ.

ಚಿತ್ರದ ಮರಗಳಲ್ಲಿ ಹಣ್ಣಿನ ಬದಲು ದೀಪಗಳು. ಮೀನುಗಳು ಕೊಂಬೆಗಳ ನಡುವೆ ಈಜುತ್ತಿದ್ದವು. ಮೆಟ್ಟಿಲುಗಳು ಚಂದ್ರನವರೆಗೆ ಹತ್ತಿಹೋಗಿದ್ದವು; ಅಲ್ಲೊಂದು ಬಾಗಿಲಿತ್ತು.

"ಕನಸಲ್ಲಿ ಕಂಡಿದ್ರಾ ಇದನ್ನ?" ಪಕ್ಕದ ಮನೆಯಾಕೆ ಕೇಳಿದಳು.

"ಕನಸಲ್ಲ, ಪುಸ್ತಕದಲ್ಲಿರೋದು. ಅಮ್ಮ ಓದೋಳು, ಅಪ್ಪ ಬಿಡಿಸೋರು," ಎಂದು ಮಗಳು ತಾಯಿಯ ಕಡೆ ತಿರುಗಿದಳು. "ಅಮ್ಮ, ಸ್ಮಶಾನದ ಗಾಡಿ ಬರೋಕೆ ಇನ್ನೂ ಅರ್ಧ ಗಂಟೆ ಇದೆ. ತಾವು ಹೋಗೋ ದಿನ ತೋಟದ ಅಧ್ಯಾಯ ಓದ್ಬೇಕು ಅಂತ ಅಪ್ಪ ಹೇಳಿದ್ರಲ್ಲ. ನಿನ್ನ ಕೈಲಾಗ್ದಿದ್ರೆ ಕೊಡು, ನಾನೇ ಓದ್ತೀನಿ."

ತಾಯಿ ಪುಸ್ತಕವನ್ನು ಮಡಿಲಲ್ಲಿ ಅವುಚಿಕೊಂಡಳು. ಅದರಲ್ಲಿ ತೋಟದ ಅಧ್ಯಾಯವೇ ಇರಲಿಲ್ಲ.

*

ಮದುವೆಯಾದ ಹೊಸತು. "ದಿನವೆಲ್ಲ ಕಂಡವರ ಹೆಸರು ಬರೆದು ಸಾಕಾಯ್ತು ಕಣೇ. ಏನಾದ್ರೂ ಓದು, ಬಿಡಿಸ್ತೀನಿ," ಎಂದು ಅವನು ದೊಡ್ಡದೊಂದು ಹಲಗೆ ಎದುರಿಗಿಟ್ಟುಕೊಂಡು ಕೂತ. ಅವಳು ಹಳೆಯ ರಾಜರ ಕಥೆಯ ಪುಸ್ತಕ ತೆರೆದಳು. 'ಅರಮನೆಯ ಹಿಂದೆ ಒಂದು ತೋಟವಿತ್ತು.'

"ಹೇಗಿತ್ತು?" ಎಂದ, ಕುಂಚ ಎತ್ತಿಕೊಂಡು.

ಮುಂದಿನ ಸಾಲಿನಲ್ಲಿ ಯುದ್ಧ. ಅವನ ಮುಖ ನೋಡಿದರೆ ಯುದ್ಧ ಓದಲು ನಾಲಿಗೆಯೇ ಹೊರಳಲಿಲ್ಲ. ಪುಟದ ಮೇಲೆ ಬೆರಳಾಡಿಸುತ್ತ, ಮರಗಳಲ್ಲಿ ದೀಪ ಬಿಡುತ್ತಿದ್ದವು ಎಂದು ಒಂದು ಸುಳ್ಳು ಬಿಟ್ಟಳು. ಆ ಸುಳ್ಳು ಚಿತ್ರ ಮುಗಿಯುವವರೆಗೆ, ಹನ್ನೊಂದು ವರ್ಷ ನಡೆಯಿತು. ಹೊತ್ತುಹೊತ್ತಿಗೆ ಪುಟ ತಿರುವುವುದನ್ನೂ ಅವಳು ಮರೆಯಲಿಲ್ಲ.

"ಬರೆದವನು ಪುಣ್ಯಾತ್ಮ ಕಣೇ, ಎಂಥಾ ತಲೆ!" ಎಂದು ಅವನು ಹೊಗಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು, ಜೊತೆಗೇ ನಾಚಿಕೆ. ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಲೇ ಐವತ್ತು ವರ್ಷ ಕಳೆಯಿತು.

*

"ಓದಮ್ಮ," ಎಂದು ಮಗಳು ಪಕ್ಕದಲ್ಲೇ ಬಂದು ಕೂತು ಪುಸ್ತಕದ ಮೇಲೆ ಬಗ್ಗಿದಳು. ಇಷ್ಟು ಜನರ ಮುಂದೆ, ಅದೂ ಅವನ ಎದುರಿಗೇ ಸಿಕ್ಕಿಬೀಳಬೇಕಲ್ಲ ಎಂದು ತಾಯಿಗೆ ಅಳುವೇ ಬಂತು.

"ಇದೇನತ್ತಿಗೆ, ಇಲ್ಲಿ ನೀವೇ ಕೂತಿದ್ದೀರಲ್ಲ!" ಬಡಗಿ ಚಿತ್ರದ ಕೆಳಮೂಲೆಯ ಧೂಳು ಒರೆಸುತ್ತಿದ್ದ.

ಇಷ್ಟು ವರ್ಷ ಬೀರುವಿನ ಹಿಂದೆ ಮುಚ್ಚಿಹೋಗಿದ್ದ ಮೂಲೆ ಅದು. ಬೀರುವನ್ನು ಅಲ್ಲಿಟ್ಟು, ಯಾರೂ ಸರಿಸಕೂಡದು ಎಂದವನೂ ಗಂಡನೇ. ದೀಪದ ಮರದ ಕೆಳಗೆ ಅವಳದೇ ಮೊಂಡು ಮೂಗಿನ ಹೆಂಗಸೊಬ್ಬಳು ಪುಸ್ತಕ ತೆರೆದು ಕೂತಿದ್ದಳು. ತಾಯಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಚಿತ್ರದ ಪುಟದಲ್ಲಿ, ಅವನ ಬೋರ್ಡಿನ ಅಕ್ಷರವೇ ಸಾಸಿವೆಯಷ್ಟಾಗಿ, ಒಂದು ಸಾಲು: ಅರಮನೆಯ ಹಿಂದೆ ಒಂದು ತೋಟವಿತ್ತು. ಕೆಳಗೆ ಪುಟವೆಲ್ಲ ಬಿಳಿ.

"ಅಯ್ಯೋ, ಎಂಥಾ ಕಳ್ಳರ್ರೀ ನೀವು!" ಎಂದು ಗಂಡನ ಕಡೆ ತಿರುಗಿದವಳೇ ಅಳುತ್ತಲೇ ನಕ್ಕುಬಿಟ್ಟಳು. ಬಂದವರು ಮುಖ ಮುಖ ನೋಡಿಕೊಂಡರು.

ಪುಸ್ತಕ ಮುಚ್ಚಿ ಮಗಳ ಕೈಗಿಟ್ಟಳು.

"ಓದಲ್ವಾ ಅಮ್ಮ?"

"ಓದ್ತೀನಿ, ಇರು."

ಅವನ ಕಿವಿಯ ಹತ್ತಿರ ಕೂತು, ಎರಡೂ ಅಂಗೈಗಳನ್ನು ಮಡಿಲ ಮೇಲೆ ತೆರೆದಿಟ್ಟುಕೊಂಡಳು. "ಚಂದ್ರನ ಬಾಗಿಲು ದಾಟಿದರೆ..." ಎಂದು ಶುರುಮಾಡಿ, ಒಂದಿಷ್ಟು ಹೇಳಿ, ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ, ಇಲ್ಲದ ಪುಟವನ್ನು ತಿರುವಿದಳು.