ಬಾಯಿಮಾತಿನ ಕರೆ

ನಾನು ಬೆಳೆದ ಮಕ್ಕಳ ಆಶ್ರಮದಲ್ಲಿ ಊಟಕ್ಕೆ ಗಂಟೆ ಬಾರಿಸುತ್ತಿದ್ದರು. ಹುಣಸೆಮರದ ಕೊಂಬೆಗೆ ತೂಗುಹಾಕಿದ್ದ ರೈಲುಹಳಿಯ ತುಂಡು ಅದು. ಅದರ ಸದ್ದಿಗೆ ನಾವೆಲ್ಲ ತಟ್ಟೆ ಹಿಡಿದು ಸಾಲಾಗಿ ಕೂರುತ್ತಿದ್ದೆವು. ಹಾಗಾಗಿ ಊಟ ಆಯಿತೇ ಎಂದು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಲೋಕದಲ್ಲಿ ಅಂಥದೊಂದು ಪ್ರಶ್ನೆಯಿದೆ, ಅದಕ್ಕೊಂದು ಸಿದ್ಧ ಉತ್ತರವೂ ಇದೆ ಎಂದು ಕಲಿಯುವ ಮೊದಲೇ ನನಗೆ ಹದಿನೆಂಟು ತುಂಬಿತು. ತುಂಬಿದವರು ಆಶ್ರಮ ಬಿಡಬೇಕೆಂಬುದು ಕಟ್ಟಳೆ.

ಬೀಳ್ಕೊಡುವ ದಿನ ಊರಿನ ಹೆಂಗಸರು ಬಂದಿದ್ದರು. ಒಬ್ಬರು ಸ್ಟವ್ ತಂದರು, ಒಬ್ಬರು ಚಾಪೆ, ಇನ್ನೊಬ್ಬರು ಅನ್ನದ ಪಾತ್ರೆ. ಹೊಲಿಗೆ ಅಂಗಡಿಯಲ್ಲಿ ಕೆಲಸ, ಅದರ ಹಿಂದೆ ಒಂದು ಕೋಣೆ, ಎಲ್ಲವನ್ನೂ ಅವರೇ ಗೊತ್ತುಮಾಡಿದ್ದರು. ಅವರಲ್ಲಿ ಹಿರಿಯರಾದ ಚೆನ್ನಾಜಮ್ಮ ನನ್ನ ಕೆನ್ನೆ ಸವರಿ, "ಯಾರೂ ಇಲ್ಲ ಅಂದ್ಕೋಬೇಡ ಕಣಮ್ಮ. ಇನ್ಮೇಲೆ ನಮ್ಮನೇನೇ ನಿನ್ನ ತೌರುಮನೆ. ಯುಗಾದಿಗೆ ಊಟಕ್ಕೆ ಬಂದ್ಬಿಡು," ಎಂದರು. ನಾನು ನಂಬಿಬಿಟ್ಟೆ. ಯುಗಾದಿಯವರೆಗೆ ಕೋಣೆಯಲ್ಲಿ ಒಬ್ಬಳೇ ಉಣ್ಣುವುದು ಕಷ್ಟವೆನಿಸಲಿಲ್ಲ. ನನಗೂ ಒಂದು ಮನೆಯಿತ್ತಲ್ಲ.

ಹಬ್ಬದ ಮಧ್ಯಾಹ್ನ ದೂರದಿಂದ ಆಶ್ರಮದ ಗಂಟೆ ಕೇಳಿಸಿತು. ಹಬ್ಬದ ದಿನ ದಾನಿಗಳ ಭಾಷಣವೆಲ್ಲ ಮುಗಿದ ಮೇಲೆಯೇ ಅಲ್ಲಿ ಊಟ. ಮನೆಗಳಲ್ಲಿ ಅಷ್ಟು ಹೊತ್ತು ಕಾಯುವುದಿಲ್ಲ ಎಂಬುದು ನನಗೆ ಹೇಗೆ ತಿಳಿಯಬೇಕು? ಗಂಟೆ ಕೇಳಿದ ಮೇಲೆಯೇ ಹೊರಟೆ.

ಚೆನ್ನಾಜಮ್ಮನವರ ಜಗಲಿಯಲ್ಲಿ ನೆಂಟರು ಎಲೆಯಡಿಕೆ ಮೆಲ್ಲುತ್ತಿದ್ದರು.

"ಬಾರಮ್ಮ, ಬಾ. ಊಟ ಆಯ್ತಾ?" ಎಂದರು ಚೆನ್ನಾಜಮ್ಮ.

"ಇಲ್ಲ, ಅದಕ್ಕೇ ಬಂದೆ," ಎಂದೆ, ನಗುನಗುತ್ತಾ.

ಅವರ ಮುಖ ಸಣ್ಣಗಾಯಿತು. ನನ್ನನ್ನು ನಡುಮನೆಯಲ್ಲಿ ಕೂರಿಸಿ ಒಳಗೆ ಹೋದರು. ಪಾತ್ರೆ ಕೆರೆಯುವ ಸದ್ದು ಕೇಳಿಸಿತು. ಸೊಸೆಯ ದನಿ: "ಕರೆದಿದ್ರೆ ಒಂದ್ ಮಾತು ಹೇಳ್ಬಾರ್ದಾ ಅತ್ತೆ?"

"ಬಾಯ್ಮಾತಿಗೆ ಅಂದಿದ್ದೆ ಕಣೇ. ನಿಜವಾಗ್ಲೂ ಬರ್ತಾಳೆ ಅಂತ ಯಾರಿಗ್ಗೊತ್ತು?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಏಳಬೇಕೆನ್ನುವಷ್ಟರಲ್ಲಿ ಎಲೆ ಬಂತು, ಒಂದು ಒಬ್ಬಟ್ಟು ಬಂತು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣಬೇಕಿದ್ದ ಸೊಸೆಯ ಪಾಲು ಅದು. ಆಕೆ ಬಾಗಿಲಿಗೆ ಒರಗಿ ನಿಂತಿದ್ದಳು. ಬಿಟ್ಟರೆ ಅವಮಾನ, ತಿಂದರೆ ಪಾಪ. ತಿಂದೆ. ಅಷ್ಟು ಸಿಹಿಯಾದದ್ದನ್ನು ನೀರು ಕುಡಿದು ಕುಡಿದು ನುಂಗಿದೆ.

ಆಮೇಲೆ ಆ ಬೀದಿಗೆ ಕಾಲಿಡಲಿಲ್ಲ. ಅಂಗಡಿಗೆ ಬಂದವರು ಯಾರಾದರೂ ಊಟ ಆಯ್ತಾ ಎಂದರೆ ಹಸಿದ ಹೊಟ್ಟೆಯಲ್ಲೂ "ಆಯ್ತು" ಎನ್ನುವುದನ್ನು ಕಲಿತೆ. ನನ್ನ ಮುಖ ಯಾರಿಗೂ ಗೊತ್ತಿಲ್ಲದ ಊರಿಗೆ ಹೋಗಿಬಿಡುವುದೆಂದು ಬಟ್ಟೆಯನ್ನೂ ಗಂಟು ಕಟ್ಟಿದೆ.

ಹೊರಡಬೇಕಿದ್ದ ದಿನ, ಊಟದ ಹೊತ್ತಿಗೆ, ಚೆನ್ನಾಜಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಬಟ್ಟೆಯ ಗಂಟನ್ನು ನೋಡಿದರು. ಒಳಗೆ ಬಂದು ನೆಲದ ಮೇಲೆ ಕೂತರು.

"ಹೊಟ್ಟೆ ಹಸೀತಿದೆ. ಏನ್ ಮಾಡಿದೀಯ?"

"ಅನ್ನ, ಹುರುಳಿ ಸಾರು. ಅನ್ನ ತಳ ಹಿಡಿದಿದೆ."

"ಹಿಡೀಲಿ ಬಿಡು, ಹಾಕು."

ಇದ್ದದ್ದು ಒಂದೇ ತಟ್ಟೆ. ನಾಚುತ್ತಲೇ ಅದರಲ್ಲಿ ಬಡಿಸಿದೆ. ಅವರು ತಲೆ ತಗ್ಗಿಸಿ ಉಂಡರು. ನಾಚಿದವಳು ನಾನೊಬ್ಬಳೇ ಅಲ್ಲವೆಂದು ಆಗ ತಿಳಿಯಿತು.

"ಇನ್ನೊಂಚೂರು ಹಾಕು," ಎಂದರು. ಪಾತ್ರೆಯಲ್ಲಿ ಎಷ್ಟಿದೆಯೆಂದು ಅವರಿಗೆ ಕಾಣುತ್ತಿತ್ತು. ಹಾಕಿದೆ.

ಕೈತೊಳೆದು ಎದ್ದವರು, "ನಾಳೆ ನಮ್ಮನೇಲಿ, ಒಂದು ಗಂಟೆಗೆ. ನೀನು ಬರೋವರ್ಗೂ ನಾನು ಉಣ್ಣಲ್ಲ. ಇದು ಬಾಯ್ಮಾತಲ್ಲ," ಎಂದು ಹೋದರು.

ಅವರನ್ನು ಬಾಗಿಲವರೆಗೆ ಕಳಿಸಿ ಒಳಗೆ ಬಂದು ನೋಡಿದರೆ ತಳದ ಸೀದ ಅನ್ನ ಬಿಟ್ಟು ನನಗೆಂದು ಏನೂ ಉಳಿದಿರಲಿಲ್ಲ. ನೆಂಟರನ್ನು ಉಣ್ಣಿಸಿ ಕಳಿಸಿದ ಮನೆಯಾಕೆಯ ಹಾಗೆ, ಒಲೆಯ ಪಕ್ಕದಲ್ಲೇ ಕೂತು, ಅದನ್ನು ಕೆರೆದುಕೊಂಡು ತಿಂದೆ.